ವಿಳಾಸಕ್ಕೆ ಹಾಕಿದ ಕೊಸರು

ಕೋವಿಡ್ ಮುಗಿದ ಮೇಲಿನ ಎರಡನೆಯ ಬೇಸಿಗೆ. ಮೂರನೆಯದೂ ಇರಬಹುದು, ಬಿಸಿಲು ಮಾತ್ರ ಚೆನ್ನಾಗಿ ನೆನಪಿದೆ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಹಳ್ಳಿಗಳಿಂದ ಹಾಲು ಕೊಳ್ಳುವ ಒಂದು ಖಾಸಗಿ ಸಂಸ್ಥೆಯ ಶ್ರೀರಂಗಪಟ್ಟಣದ ಕಚೇರಿಯಲ್ಲಿ ನಾನು ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹಾಲಿಗೂ ಮೇಲ್‌ಗೂ ಏನು ಸಂಬಂಧ ಎಂದು ಮನೆಯಲ್ಲೂ ಕೇಳುತ್ತಿದ್ದರು. ಸಂಬಂಧ ಇತ್ತು. ನಮ್ಮ ಹಾಲು ಕೊಳ್ಳುವ ಮೈಸೂರಿನ ಕಾರ್ಖಾನೆಯವರು ಹಾಲಿನ ಪರೀಕ್ಷಾ ವರದಿ ನಮ್ಮಿಂದ ಮೇಲ್‌ನಲ್ಲಿ ಬರದೆ ಟ್ಯಾಂಕರನ್ನು ಒಳಗೆ ಬಿಡುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ಸುಳ್ಳು ವರದಿ ಅಚ್ಚು ಹಾಕಿಸಿ ತಂದಿದ್ದರಂತೆ. ಅಂದಿನಿಂದ ಕಾಗದ, ಫೋನು, ವಾಟ್ಸಾಪು ಯಾವುದೂ ನಡೆಯುತ್ತಿರಲಿಲ್ಲ.

ಆ ದಿನ ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದದ್ದು ಸಂತೆಬಾಚಹಳ್ಳಿ ಕಡೆಯ ಟ್ಯಾಂಕರು. ಅಲ್ಲಿ ನಮಗಾಗಿ ಹಾಲು ಸಂಗ್ರಹಿಸುವ ಕೇಂದ್ರ ನಡೆಸುತ್ತಿದ್ದವರು ಜಯಮ್ಮ. ಅವರ ಹಾಲು ಒಮ್ಮೆ ಹುಳಿ ಬಂದು ವಾಪಸಾಗಿತ್ತು. ಇನ್ನೊಮ್ಮೆ ವಾಪಸಾದರೆ ಕೇಂದ್ರವನ್ನೇ ಮುಚ್ಚುವುದೆಂದು ನಮ್ಮ ಮೇಲಿನವರು ಹೇಳಿಯಾಗಿತ್ತು.

ಚಾಲಕ ಪುಟ್ಟಸ್ವಾಮಣ್ಣ ಫೋನು ಮಾಡಿದರು.

"ಅಕ್ಕೋ, ಬಿಸ್ಲು ನೆತ್ತಿಗ್ ಬಂದದೆ. ಇವ್ರು ಒಳಕ್ಕೇ ಬುಡ್ತಾ ಇಲ್ಲ. ಎಲ್ಲೋಯ್ತು ನಿಮ್ ಮೇಲು?"

"ಬೆಳಿಗ್ಗೇನೇ ಕಳ್ಸಿದೀವಿ ಪುಟ್ಟಸ್ವಾಮಣ್ಣ."

"ಯಾರ್ಗ್ ಕಳ್ಸುದ್ರಿ, ದ್ಯಾವ್ರಿಗಾ?"

ಸರ್ವರ್ ತೆರೆದು ನೋಡಿದೆ. ಹೊರಡಬೇಕಾದ ಪತ್ರಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಲಾಟರಿ ಬಹುಮಾನ, ತೂಕ ಇಳಿಸುವ ಮಾತ್ರೆ, ನಮಗೆ ಗೊತ್ತಿಲ್ಲದ ಭಾಷೆಗಳ ಜಾಹೀರಾತು, ಎಲ್ಲವೂ ನಮ್ಮ ಹೆಸರಿನಲ್ಲಿ. ಅವುಗಳ ನಡುವೆ ಎಲ್ಲೋ ಜಯಮ್ಮನ ಹಾಲಿನ ವರದಿ. ನಮ್ಮ ಸರ್ವರನ್ನು ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗೆ ಸೇರಿಸಿದ್ದರು. ಕಾರ್ಖಾನೆ ನಮ್ಮ ಮೇಲ್‌ಗಳನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು.

ವೈರಸ್ ಎಂದುಕೊಂಡೆ. ನನಗೆ ಅನುಮಾನವಿದ್ದ ನಾಗಮಂಗಲದ ಕೇಂದ್ರದವರಿಗೆ ಹೇಳಿ ಅವರ ಕಂಪ್ಯೂಟರು ಆಫ್ ಮಾಡಿಸಿದೆ. ಪತ್ರಗಳು ನಿಲ್ಲಲಿಲ್ಲ. ಸುಮ್ಮನೆ ಹೊತ್ತು ಹೋಯಿತು.

ಕೊನೆಗೆ ಕಣ್ಣು ಸರ್ವರ್‌ನ ಸೆಟ್ಟಿಂಗುಗಳಲ್ಲಿ ಒಂದು ಸಾಲಿನ ಮೇಲೆ ನಿಂತಿತು. ಪಾಸ್‌ವರ್ಡ್ ಇಲ್ಲದೆ ಮೇಲ್ ಕಳಿಸಬಹುದಾದ 'ನಮ್ಮವರ' ಕಂಪ್ಯೂಟರುಗಳ ಅಂಕಿ ವಿಳಾಸಗಳು ಸರ್ವರ್‌ಗೆ ಗೊತ್ತಿರಬೇಕು. ಒಂದೊಂದಾಗಿ ಬರೆಯುವ ಬದಲು ಅದನ್ನು ಒಂದು ವ್ಯಾಪ್ತಿಯಾಗಿ ಬರೆಯುತ್ತಾರೆ. 10.7.3.0/24 ಎಂದರೆ ಇನ್ನೂರ ಐವತ್ತಾರು ವಿಳಾಸ. ಓರೆಗೆರೆಯ ಆಚೆಯ ಅಂಕಿ ಒಂದು ಇಳಿದರೆ ವ್ಯಾಪ್ತಿ ಎರಡರಷ್ಟಾಗುತ್ತದೆ. ಅಲ್ಲಿದ್ದದ್ದು 10.7.3.0/4. ಇಪ್ಪತ್ತು ಸಲ ಎರಡರಷ್ಟು. ಇಪ್ಪತ್ತಾರು ಕೋಟಿಗೂ ಹೆಚ್ಚು ವಿಳಾಸಗಳು, ಪ್ರಪಂಚದ ಯಾವ ಮೂಲೆಯವೋ ಏನೋ, ನಮ್ಮವರ ಪಟ್ಟಿಗೆ ಸೇರಿಬಿಟ್ಟಿದ್ದವು.

ಆ ಸಾಲು ತುಂಬಿದ್ದವರು ಪಾಂಡವಪುರದ ಶಿವಣ್ಣ. ಕೇಂದ್ರಗಳಿಗೆ ಕಂಪ್ಯೂಟರು ಜೋಡಿಸುವ ಕೆಲಸ ಅವರದು. ಅದಕ್ಕೆ ಮೊದಲು ವರ್ಷಗಟ್ಟಲೆ ಕ್ಯಾನಿನಲ್ಲಿ ಹಾಲು ಅಳೆದವರು. ಫೋನು ಮಾಡಿದೆ.

"ಶಿವಣ್ಣ, ಇಪ್ಪತ್ನಾಲ್ಕು ಇದ್ದದ್ದು ನಾಲ್ಕು ಹೇಗಾಯ್ತು?"

"ನಾನೇ ಮಾಡ್ದೆ ಮೇಡಂ. ನಂಬರು ಇಳಿಸುದ್ರೆ ಜಾಗ ಜಾಸ್ತಿ ಆಯ್ತದೆ ಅಂತ ನೀವೇ ಏಳಿದ್ರಲ್ಲ. ಒಂದ್ ಸೆಂಟ್ರು ಸೇರ್ದಾಗ್ಲೂ ನಿಮ್ನ ಯಾಕ್ ಗೋಳಾಡ್ಸೋದು ಅಂತ ಇಪ್ಪತ್ ಇಳ್ಸಿ ಇನ್ನಿಪ್ಪತ್ ಮಿಸಿನ್‌ಗೆ ಕೊಸರು ಬುಟ್ಟೆ."

ಕೊಸರು. ಅಳತೆ ಮುಗಿದ ಮೇಲೆ ಪಾತ್ರೆಗೆ ಸುರಿಯುವ ಆ ಇನ್ನೊಂದು ಗುಟುಕು. ಅದಿಲ್ಲದೆ ನಮ್ಮ ಕಡೆ ಯಾರೂ ಹಾಲು ಅಳೆಯುವುದಿಲ್ಲ, ಕೊಂಡವರು ಕದಲುವುದೂ ಇಲ್ಲ.

"ಅದು ಒಪ್ಕೊಳ್ತಾ?"

"ಅಸ್ರು ಟಿಕ್ಕು ಬತ್ತು ಮೇಡಂ. ತಪ್ಪಿದ್ರೆ ಕೆಂಪುಗ್ ಬರ್ಬೇಕಿತ್ತಲ್ವಾ?"

ಬರಬೇಕಿತ್ತು. ನಾವು ಕೊಂಡಿದ್ದ ತಂತ್ರಾಂಶ ಓರೆಗೆರೆಯ ಆಚೆಯ ಅಂಕಿ ಸೊನ್ನೆಯಿಂದ ಮೂವತ್ತೆರಡರ ಒಳಗಿದೆಯೇ ಎಂದಷ್ಟೇ ನೋಡುತ್ತಿತ್ತು. ನಾಲ್ಕಕ್ಕೆ ಇಳಿದ ಮೇಲೆ 10.7.3.0 ಆ ವ್ಯಾಪ್ತಿಯ ಮೊದಲ ವಿಳಾಸವಾಗಿ ಉಳಿಯುವುದೇ ಇಲ್ಲ. ವ್ಯಾಪ್ತಿ ಸೊನ್ನೆಯಿಂದಲೇ ಶುರುವಾಗುತ್ತದೆ. ಈ ಹೊಂದಾಣಿಕೆ ನೋಡಿದ್ದರೆ ಸಾಕಿತ್ತು, ಸಾಲು ಅಲ್ಲೇ ಕೆಂಪಾಗುತ್ತಿತ್ತು. ತಂತ್ರಾಂಶ ಒಳಗೊಳಗೇ ವಿಳಾಸವನ್ನು ಸರಿಮಾಡಿಕೊಂಡು, ಪರದೆಯ ಮೇಲೆ ಮಾತ್ರ ಶಿವಣ್ಣ ಬರೆದದ್ದನ್ನೇ ತೋರಿಸಿ ಹಸಿರಾಗಿತ್ತು.

ಅಂಕಿ ತಿದ್ದಿದೆ, ಸಾಲಿನಲ್ಲಿದ್ದ ಕಸ ಅಳಿಸಿದೆ. ಕಪ್ಪುಪಟ್ಟಿಯಿಂದ ಹೆಸರು ತೆಗೆಸುವುದು ಮಾತ್ರ ಅಂದಿಗೆ ಆಗುವ ಮಾತಲ್ಲ. ಕಾರ್ಖಾನೆಯ ಮೇಲ್ ನೋಡಿಕೊಳ್ಳುವವರಿಗೆ ಫೋನು ಮಾಡಿದೆ. ಅವರು ಹಳೆಯ ಸಾಲು, ಹೊಸ ಸಾಲು ಎರಡನ್ನೂ ಓದಿಸಿಕೊಂಡರು.

"ಈ ವರದಿಯೊಂದನ್ನ ಬಿಡ್ತೀನಿ. ಇನ್ನೊಂದು ಕಸ ಬಂದ್ರೆ ಮತ್ತೆ ಫೋನ್ ಮಾಡ್ಬೇಡಿ," ಎಂದರು.

ವರದಿ ಹೋಯಿತು. ಗೇಟು ಮಾತ್ರ ತೆರೆಯಲಿಲ್ಲ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತ ಹಾಲನ್ನು ಮತ್ತೆ ಕುದಿಸಿ ನೋಡುತ್ತೇವೆಂದರು. ಒಡೆದರೆ ವಾಪಸು. ಪುಟ್ಟಸ್ವಾಮಣ್ಣ ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಅವರ ಉಸಿರು, ಯಾವುದೋ ಲಾರಿಯ ಹಾರ್ನು. ನನ್ನ ಕಣ್ಣು ಸರ್ವರ್‌ನ ಸಾಲಿನ ಮೇಲೆ. ಹೊಸ ಪತ್ರ ಕಂಡಾಗಲೆಲ್ಲ ಯಾರದೆಂದು ತೆರೆದು ನೋಡುತ್ತಿದ್ದೆ.

"ಅಕ್ಕ."

"ಹೇಳಿ."

"ಒಡ್ದಿಲ್ಲ ಕಣಕ್ಕ. ಒಳಕ್ ಓಯ್ತಾವ್ನಿ."

ಈಗ ನೆನೆದರೆ ಗಾಜಿನ ನಳಿಗೆಯಲ್ಲಿ ಹಾಲು ಉಕ್ಕಿ ನೊರೆಯೇಳುವುದು ಕಣ್ಣಿಗೆ ಕಟ್ಟುತ್ತದೆ. ನಾನು ಆ ಕಾರ್ಖಾನೆಯೊಳಗೆ ಕಾಲಿಟ್ಟವಳೇ ಅಲ್ಲ. ಹೀಗಾಗಿ ಈ ಕಥೆಯಲ್ಲಿ ಇನ್ನೇನೇನು ನಾನೇ ಸೇರಿಸಿದ ಕೊಸರೋ ಗೊತ್ತಿಲ್ಲ. ಜಯಮ್ಮನ ಕೇಂದ್ರ ಉಳಿದದ್ದು ನಿಜ, ಈಗಲೂ ನಡೆಯುತ್ತಿದೆ.

ತಂತ್ರಾಂಶದವರಿಗೆ ಹೇಳಿ ಪರಿಶೀಲನೆಯನ್ನು ಬದಲಾಯಿಸಿದೆವು. ಹೊಂದದ ವ್ಯಾಪ್ತಿಯನ್ನು ಅದು ಈಗ ತೆಗೆದುಕೊಳ್ಳುವುದಿಲ್ಲ. ಹೊಂದಿದರೂ ಮೊದಲ ವಿಳಾಸ, ಕೊನೆಯ ವಿಳಾಸ ಎರಡನ್ನೂ ತೋರಿಸಿ, ಇವರೆಲ್ಲ ನಿಮ್ಮವರೇ ಎಂದು ಕೇಳುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದೂ ಅಷ್ಟೇ: ಬರಹ ಸರಿಯಿದೆ ಎಂದು ಸಮಾಧಾನಪಡುವ ಮೊದಲು ಬಾಗಿಲು ಯಾರಿಗೆ ತೆರೆಯುತ್ತದೆ ಎಂದು ಕೇಳಬೇಕು.

ಶಿವಣ್ಣ ಹೊಸ ಕೇಂದ್ರ ಸೇರಿಸುವಾಗ ಈಗಲೂ ಫೋನು ಮಾಡಿ ಎರಡು ವಿಳಾಸಗಳನ್ನೂ ಗಟ್ಟಿಯಾಗಿ ಓದುತ್ತಾರೆ. ನಾನು ಹೂಂ ಅನ್ನುವ ತನಕ ಗುಂಡಿ ಒತ್ತುವುದಿಲ್ಲ. ನಾನೂ ಒಡನೆ ಹೂಂ ಅನ್ನುವುದಿಲ್ಲ; ಇನ್ನೊಮ್ಮೆ ಓದಿಸುತ್ತೇನೆ.