ಕೆಮ್ಮಿದ ದೆವ್ವ

ಬೆಳಗಿನ ಐದೂವರೆ. ನೆಲಮಾಳಿಗೆಯ ಡಬ್ಬಿಂಗ್ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು, ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕುತ್ತಾರೆ. ಅದರ ಟಿಕ್ ಟಿಕ್ ಕೂಡ ಮೈಕಿಗೆ ಕೇಳಿಸುತ್ತದಂತೆ. ಎದ್ದಾಗಿನಿಂದ ಅವರು ಯಾರೊಂದಿಗೂ ತುಟಿ ಬಿಚ್ಚಿಲ್ಲ. ನಿದ್ದೆ ಕಳೆದ ಮೊದಲ ಒಂದೆರಡು ಗಂಟೆ ಗಂಟಲು ದಪ್ಪಗಿರುತ್ತದೆ. ಆ ದಪ್ಪ ದನಿಯೇ ಅವರ ಬಂಡವಾಳ. ಎದುರಿನ ಪರದೆಯಲ್ಲಿ ಪಾದ್ರಿಯೊಬ್ಬ ಶಿಲುಬೆ ಎತ್ತಿ ಹಿಡಿದಿದ್ದಾನೆ. ಹಾಸಿಗೆಯ ಮೇಲಿನ ಹುಡುಗಿ ಬಾಯಿ ತೆರೆಯುತ್ತಾಳೆ. ಇತ್ತ ಈ ಐವತ್ತೆರಡರ ಹೆಂಗಸು ಸೊಂಟ ಬಗ್ಗಿಸಿ ಹೊಟ್ಟೆಯ ತಳದಿಂದ ಗುರುಗುಟ್ಟುತ್ತಾರೆ. ಕೇಳಿದವರ ಮೈ ಜುಮ್ಮೆನ್ನಬೇಕು.

"ಸರಿ ಬಂತಾ? ಇಲ್ಲಾಂದ್ರೆ ಇನ್ನೊಂದ್ಸಲ ಮಾಡ್ತೀನಪ್ಪ" ಎಂದು ಮರುಕ್ಷಣವೇ ಸೌಂಡ್ ಎಂಜಿನಿಯರನ್ನು ಕೇಳುವ ದನಿ ಮಾತ್ರ ಪಕ್ಕದ ಮನೆಯ ಚಿಕ್ಕಮ್ಮನದು.

ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಕರೆಯುವುದು ದೆವ್ವಕ್ಕ ಎಂದೇ. ಹತ್ತೊಂಬತ್ತು ವರ್ಷ, ಮೂವತ್ತೆಂಟು ಚಿತ್ರ. ಪಾದ್ರಿ, ಕನ್ಯಾಸ್ತ್ರೀ, ಪಾಳುಬಿದ್ದ ಚರ್ಚು, ಸೈತಾನ ಇರುವ ಹಾರರ್ ಸಿನಿಮಾ ಯಾವ ಭಾಷೆಯಿಂದ ಬರಲಿ, ಮೊದಲ ಕರೆ ಇವರಿಗೇ. ಒಂದು ಬೆಳಗಿಗೆ ಅರುವತ್ತು ಎಪ್ಪತ್ತು ಮಾತು, ಇಪ್ಪತ್ತು ಕಿರುಚಾಟ. ಒಮ್ಮೆ ಗಂಟಲಲ್ಲಿ ಗಂಟು ಬೆಳೆದು ಮೂರು ತಿಂಗಳು ಬಾಯಿಗೆ ಬೀಗ ಬಿದ್ದಿತ್ತು. "ಸ್ಲೇಟ್ ಮೇಲೆ ಬರ್ದು ತೋರಿಸ್ತಿದ್ದೆ. ಮದುವೆ ಆದ್ಮೇಲೆ ಇಷ್ಟು ನೆಮ್ಮದಿ ಯಾವತ್ತೂ ಸಿಕ್ಕಿರ್ಲಿಲ್ಲ ಅಂತಿದ್ರು ನಮ್ಮೆಜಮಾನ್ರು" ಎಂದು ನಗುತ್ತಾರೆ.

ಹೋದ ವರ್ಷದ ಆ ಭಾನುವಾರದ ಮಾತು ಬಂದರೆ ಮಾತ್ರ ನಗು ಮಾಯ.

ಅವರು ಚರ್ಚಿನ ಗಾಯನ ತಂಡದಲ್ಲಿ ಹಿಂದಿನ ಸಾಲಿನವರು. ತಮ್ಮ ಕೆಲಸ ಏನೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. "ಆಫೀಸ್ ಕೆಲಸ ಅಂದ್ಬಿಟ್ಟಿದ್ದೆ. ವಾರವೆಲ್ಲಾ ಸೈತಾನನ ಮಾತಾಡೋಳು ಭಾನುವಾರ ಸ್ತೋತ್ರ ಹಾಡ್ತಾಳೆ ಅಂದ್ರೆ ಯಾರು ಒಪ್ತಾರೆ ಹೇಳಿ?"

ಅಂದು ಪ್ರಾರ್ಥನೆ ಮುಗಿಯುತ್ತಿದ್ದಂತೆ, ಅದೇ ಚರ್ಚಿಗೆ ಬರುವ ಟೈಲರಮ್ಮನ ಹದಿನಾರರ ಮಗಳನ್ನು ಕುರ್ಚಿಯ ಸಮೇತ ನಾಲ್ವರು ಎತ್ತಿ ತಂದರು. ಮೂರು ವಾರದಿಂದ ಅವಳು ನಿಂತಲ್ಲೇ ಬಿದ್ದು ಒದ್ದಾಡುತ್ತಿದ್ದಳು. ಎದ್ದ ಮೇಲೆ ಗಡಸು ದನಿಯಲ್ಲಿ ಏನೇನೋ ಆಡುತ್ತಿದ್ದಳು. ಸೈತಾನ ಹೊಕ್ಕಿದ್ದಾನೆ ಎಂದು ಬಂಧುಗಳು ತೀರ್ಮಾನಿಸಿಯಾಗಿತ್ತು. ಎರಡು ದಿನದಿಂದ ಅನ್ನವಿಲ್ಲ, ನೀರಿಲ್ಲ. ಕೈಗಳನ್ನು ಕುರ್ಚಿಗೆ ಬಿಗಿದಿದ್ದದ್ದು ಹೊಲಿಗೆಯಲ್ಲಿ ಉಳಿದ ಬಟ್ಟೆಯ ಪಟ್ಟಿಗಳಿಂದ. "ಮೊದ್ಲು ಡಾಕ್ಟರಿಗೆ ತೋರ್ಸಿ" ಎಂದು ವಯಸ್ಸಾದ ಪಾದ್ರಿ ಅಂಗಲಾಚಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಹುಡುಗಿ ಕತ್ತು ಹೊರಳಿಸಿ ಹೇಳಿದಳು: "ಈ ಮನೆ ನಂದು. ಬಾಗಿಲು ತೆಗೆದೋರು..." ಒಂದು ಸಣ್ಣ ಕೆಮ್ಮು. "...ನೀವೇ."

ಹಿಂದಿನ ಸಾಲಿನಲ್ಲಿ ದೆವ್ವಕ್ಕ ಹಾಡಿನ ಪುಸ್ತಕ ಕೆಳಗಿಟ್ಟರು. ಮಾತು ಅವರದು, ನಾಲ್ಕು ವರ್ಷದ ಹಿಂದಿನ ಚಿತ್ರದ್ದು. ಕೆಮ್ಮೂ ಅವರದೇ! ಡಬ್ಬಿಂಗಿನ ದಿನ ಅವರಿಗೆ ನೆಗಡಿಯಾಗಿತ್ತು. ನಡುವೆ ಬಂದ ಕೆಮ್ಮನ್ನು ನಿರ್ದೇಶಕರು "ಭಯಂಕರವಾಗಿದೆ, ಇರ್ಲಿ ಬಿಡಿ" ಎಂದು ಹಾಗೇ ಉಳಿಸಿದ್ದರು.

"ಬಿಚ್ರಪ್ಪಾ ಅವಳ ಕೈ! ಅದು ದೆವ್ವ ಅಲ್ಲ, ನಾನು!" ಎಂದು ಕೂಗುತ್ತಾ ಅವರು ಮುಂದೆ ನುಗ್ಗಿದರು.

"ಇವಳ ಮೈಮೇಲೂ ಬಂತು!" ಎಂದು ಯಾರೋ ಚೀರಿದರು. ಇಬ್ಬರು ಗಂಡಸರು ಅವರ ರಟ್ಟೆ ಹಿಡಿದರು. ಅವರು ಕೊಸರಾಡಲಿಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ, ಕೆಮ್ಮಿನ ಸಮೇತ ಆಡಿದರು. ಜನ ಹಿಂದೆ ಸರಿದ ರಭಸಕ್ಕೆ ಒಂದು ಬೆಂಚು ಮಗುಚಿತು. ಮರುಕ್ಷಣ ಅವರ ಮಾಮೂಲಿ ದನಿ: "ಇದು ನನ್ನ ಹೊಟ್ಟೆಪಾಡು. ಮೈಕ್ ಮುಂದೆ ನಿಂತು ಆಡಿದ ಮಾತು. ಮಗು ಸಿನಿಮಾ ನೋಡಿದೆ, ಅಷ್ಟೇ." ಮತ್ತೆ ಸೈತಾನ, ಮತ್ತೆ ಮಾಮೂಲಿ. ಹೀಗೆ ಮೂರು ಸಲ. ಕೊನೆಗೆ ರಟ್ಟೆ ಹಿಡಿದ ಕೈಗಳು ಸಡಿಲವಾದವು.

"ಫೋನಲ್ಲಿ ದಿನಾ ಅದನ್ನೇ ನೋಡ್ತಿದ್ಲು" ಎಂದು ಟೈಲರಮ್ಮ ಪಿಸುಗುಟ್ಟಿದರು. ಚೀಲದಿಂದ ಕತ್ತರಿ ತೆಗೆದು ಪಟ್ಟಿಗಳನ್ನು ತಾವೇ ಕತ್ತರಿಸಿದರು. ಮಗಳ ಮಣಿಕಟ್ಟು ನೀಲಿಗಟ್ಟಿತ್ತು.

ಮೂರ್ಛೆ ರೋಗ ಎಂದರು ಆಸ್ಪತ್ರೆಯಲ್ಲಿ. ಫಿಟ್ಸ್ ನಂತರದ ಮಂಪರಿನಲ್ಲಿ ತಲೆಯಲ್ಲಿ ಕೂತ ಮಾತೇ ಹೊರಬರುತ್ತಿತ್ತು. ಇನ್ನೊಂದು ದಿನ ನೀರಿಲ್ಲದೆ ಇಟ್ಟಿದ್ದರೆ ಹುಡುಗಿ ಉಳಿಯುವುದೇ ಕಷ್ಟವಿತ್ತು. ಈಗ ಮಾತ್ರೆ ನುಂಗುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ.

ದೆವ್ವಕ್ಕ ಸುಧಾರಿಸಿಕೊಳ್ಳಲು ಅವಳಿಗಿಂತ ಹೆಚ್ಚು ದಿನ ಬೇಕಾಯಿತು. ಗಾಯನ ತಂಡದಲ್ಲಿ ಅಕ್ಕಪಕ್ಕದವರು ಸರಿದು ನಿಂತಾಗ ಅವರು ಚರ್ಚಿಗೆ ಹೋಗುವುದನ್ನೇ ಬಿಟ್ಟರು. ಪಾದ್ರಿ ಮನೆಗೇ ಬಂದು "ನಿಮ್ಮ ಜಾಗ ಖಾಲಿ ಇದೆಯಮ್ಮ" ಎಂದು ಕರೆದೊಯ್ದರು. ಆದರೆ ಮೈಕಿನ ಮುಂದೆ ಎರಡು ತಿಂಗಳು ದನಿಯೇ ಹೊರಡಲಿಲ್ಲ. "ಹೆದರಿಸೋದು ನನ್ನ ಕೆಲಸ, ಒಪ್ಪಿದೆ. ಆದ್ರೆ ನನ್ನ ಮಾತು ಕೇಳಿ ಒಂದು ಮಗುನ ಕಟ್ಟಿಹಾಕ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಇವತ್ತಿಗೂ ನಂಬಕ್ಕಾಗಲ್ಲ."

ಈಗ ಅವರು ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಪ್ರತಿ ನಿರ್ಮಾಪಕರನ್ನೂ ಒಂದೇ ಒಂದು ಕೇಳುತ್ತಾರೆ.

"ಇಷ್ಟು ಚಿತ್ರದಲ್ಲಿ ಒಂದ್ರಲ್ಲೂ ನನ್ನ ಹೆಸರಿಲ್ಲ. ಬೇಕು ಅಂತಾನೂ ಅನ್ಸಿರ್ಲಿಲ್ಲ. ಈಗ ಬೇಕು. ದೊಡ್ಡಕ್ಷರ ಏನೂ ಬೇಡ, ಕೊನೇಲಿ ಒಂದು ಸಾಲು ಸಾಕು, ಸೈತಾನನ ದನಿ ಇಂಥೋಳದು ಅಂತ. ಅದನ್ನ ಓದಿ ಒಬ್ಬ ತಾಯಿ ಆದ್ರೂ ಮಗಳನ್ನ ನೇರ ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿ."