ಖಾಲಿ ಮೂಸೆ ಬೆಳಗಿದ ದಿನ

ಕೊರೊನಾ ಮುಗಿದ ಮರುವರ್ಷದ ಮಾತು. ನಾನಾಗ ಜತ್ತದ ಕಾಲೇಜೊಂದರಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ, ಪಿಎಚ್‌ಡಿ ಮಾರ್ಗದರ್ಶಕ ಮತ್ತು ಸ್ವಂತ ಅಭಿಪ್ರಾಯದಲ್ಲಿ ಮಹಾಪುರುಷ.

ನನ್ನ ಕೈಕೆಳಗೆ ಬಿಳೂರಿನ ದಾನಮ್ಮ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ನೋಂದಣಿ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಪದವಿ ಬಂದರೆ ಆಗಲೇ, ಇಲ್ಲದಿದ್ದರೆ ಇಲ್ಲ. ವಿಷಯ, ನಿಯರ್ ಇನ್‌ಫ್ರಾರೆಡ್ ಎಲ್‌ಇಡಿ. ಕಣ್ಣಿಗೆ ಕಾಣದ ಈ ಬೆಳಕನ್ನು ದಾಳಿಂಬೆಗೆ ಹಾಯಿಸಿದರೆ, ಹಣ್ಣು ಕತ್ತರಿಸದೆಯೇ ಒಳಗಿನ ಕೊಳೆ ತಿಳಿಯುತ್ತದೆ. ಅದಕ್ಕೆ ನೀಲಿ ಎಲ್‌ಇಡಿಯ ಮೇಲೆ ಫಾಸ್ಫರ್ ಎಂಬ ಪುಡಿ ಲೇಪಿಸಬೇಕು. ಅದು ನೀಲಿಯನ್ನು ನುಂಗಿ, ಸುಮಾರು 700ರಿಂದ 900 ನ್ಯಾನೊಮೀಟರ್‌ವರೆಗೆ ಅಗಲವಾಗಿ ಹರಡಿದ ಬೆಳಕನ್ನು ಕಾರಬೇಕು. ಹೆಚ್ಚಿನವರು ಪುಡಿಗೆ ಕ್ರೋಮಿಯಂ ಬೆರೆಸುತ್ತಾರೆ. ದಾನಮ್ಮ ಕಬ್ಬಿಣ ಬೆರೆಸಿದಳು. ಪುಡಿ ಬೆಳಗಿತು. ನಾನು ಪೇಡೆ ಹಂಚಿದೆ.

ಪುಡಿ ಸುಡುವ, ಅಲ್ಯೂಮಿನಾ ಎಂಬ ಬಿಳಿ ಪಿಂಗಾಣಿಯಂಥ ವಸ್ತುವಿನ ಮೂಸೆಯನ್ನು ಒಡೆಯುವವರೆಗೆ ಬಿಸಾಡಬಾರದು ಎಂಬುದು ನಮ್ಮ ವಿಭಾಗದ ಸಂವಿಧಾನ. ಬರೆದವನು ನಾನೇ. ಹಿಂದಿನ ವಿದ್ಯಾರ್ಥಿಗಳು ಅದೇ ಮೂಸೆಯಲ್ಲಿ ಕ್ರೋಮಿಯಂ ಸುಟ್ಟಿದ್ದರು.

"ಸರ್, ಮೂಸಿ ತಳಾ ಗುಲಾಬಿ ಆಗೇತ್ರಿ. ಒಂದು ಹೊಸಾದು ತರಿಸ್ರಿ," ಎಂದು ದಾನಮ್ಮ ಮೊದಲ ವರ್ಷವೇ ಕೇಳಿದ್ದಳು.

"ಆ್ಯಸಿಡ್‌ನ್ಯಾಗ ತೊಳಿಯವಾ. ನಿನ್ನ ಲಗ್ನದ ತಾಟೇನಲ್ಲ ಅದು," ಎಂದಿದ್ದೆ. ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಅವಳು ತೊಳೆದಳು.

ಅಂತಿಮ ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದರು. ಪ್ರಬಂಧವನ್ನು ಮುಚ್ಚಿಟ್ಟು ನೇರ ಲ್ಯಾಬಿಗೆ ನಡೆದರು.

"ಕಬ್ಬಿಣ ಹಾಕಲಾರದ ಪುಡಿ ತೋರ್ಸವ್ವಾ."

"ಅದರ ಗರಜು ಬೀಳಲಿಲ್ರಿ," ಎಂದು ನಾನೇ ಉತ್ತರಿಸಿದೆ.

ಅವರು ಖಾಲಿ ಮೂಸೆಯನ್ನೆತ್ತಿ ನೀಲಿ ದೀಪದಡಿ ಹಿಡಿದರು. ಇನ್‌ಫ್ರಾರೆಡ್ ಕ್ಯಾಮೆರಾದ ಪರದೆಯ ಮೇಲೆ ಮೂಸೆಯ ತಳ ದಾನಮ್ಮನ ಪುಡಿಗಿಂತ ಪ್ರಕಾಶಮಾನವಾಗಿ ಬೆಳಗಿತು. ಹಳೆಯ ಕ್ರೋಮಿಯಂ ಅಲ್ಯೂಮಿನಾದೊಳಗೆ ಇಳಿದು, ಪ್ರತಿ ಸಲ ಅಷ್ಟಷ್ಟು ಪುಡಿಗೆ ಹತ್ತಿಕೊಂಡಿತ್ತು. ಇಷ್ಟು ದಿನ ಬೆಳಗಿದ್ದು ಅದೇ, ಕಬ್ಬಿಣವಲ್ಲ.

"ನ್ಯಾಯಾ ನೋಡಿದ್ರ ಪಿಎಚ್‌ಡಿ ಈ ಮೂಸಿಗೆ ಕೊಡಬೇಕವ್ವಾ. ನಿನಗಿಂತ ಚಲೋ ಕೆಲಸಾ ಮಾಡೇತಿ."

ಎಲ್ಲರೂ ನಕ್ಕರು. ನಾನು ತುಸು ಹೆಚ್ಚೇ ನಕ್ಕೆ.

"ಹಳೀ ಮೂಸಿ ಬಳಸಂತ ಯಾರು ಹೇಳಿದ್ರು?" ಎಂದು ಪರೀಕ್ಷಕರು ಅವಳನ್ನು ಕೇಳಿದರು.

ದಾನಮ್ಮ ನನ್ನ ಮುಖ ನೋಡಿದಳು. ನಾನು ಪರೀಕ್ಷಕರ ಮುಖ ನೋಡಿದೆ. "ಈಗಿನ ಹುಡುಗರಿಗೆ ತೊಳಿಯೂದ್ರಾಗೂ ಶ್ರದ್ಧಾ ಇಲ್ರಿ," ಎಂದೆ. ಅವರು ವರದಿಯಲ್ಲಿ 'ಅಭ್ಯರ್ಥಿಯ ನಿರ್ಲಕ್ಷ್ಯ' ಎಂದು ಬರೆದು ಚಹಾ ಕುಡಿದು ಹೋದರು.

ವಾರದ ಬಳಿಕ ಹೊಸ ಮೂಸೆ ತರಿಸಿ ಅದೇ ಮಿಶ್ರಣ ಸುಟ್ಟೆವು. ಕ್ಯಾಮೆರಾಕ್ಕೆ ಏನೂ ಕಾಣಲಿಲ್ಲ. ನೋಂದಣಿ ಮುಗಿಯಿತು.

ಕಾಲೇಜು ಬಿಡುವ ಅರ್ಜಿಗೆ ಸಹಿ ಕೇಳಲು ದಾನಮ್ಮ ಬಂದಳು. "ಸರ್, ಅವತ್ತ ನೀವು ಅಂದಿದ್ದು ಮನ್ಯಾಗ ಹೇಳಿಲ್ರಿ. ನಮ್ಮಪ್ಪ ನಿಮ್ಮನ್ನ ಭಾಳ ನಂಬ್ಯಾನ್ರಿ." ನನಗೆ ನಾಚಿಕೆಯಾಗಬೇಕಿತ್ತು, ಆದದ್ದು ನಿರಾಳ. ಸಹಿ ಎಂದಿನಂತೆ ದುಂಡಗೆ ಬಂತು.

ಹೊಸ ಮಾರ್ಗದರ್ಶಕರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಮುಖ್ಯ ವಸ್ತುವನ್ನು ಬೆರೆಸದ ಒಂದು ಮಾದರಿಯನ್ನು ಎಲ್ಲಕ್ಕಿಂತ ಮೊದಲು ಸುಡಿಸಿ. ಕೆಲಸ ಹೇಳಿದವರು ನೀವಾದರೆ, ಕೇಳಿದಾಗ "ನಾನೇ" ಎನ್ನಿ. ಇದನ್ನು ಕಲಿಯಲು ನನ್ನ ಇಡೀ ಸೇವಾವಧಿ ಮತ್ತು ದಾನಮ್ಮನ ನಾಲ್ಕು ವರ್ಷ ಹಿಡಿದವು. ನನ್ನ ಪಾಲಿಗೆ ಪಿಂಚಣಿ ಬರುತ್ತಿದೆ.