ಎಲ್ಲದಕ್ಕೂ ಐದು ಕೊಟ್ಟವಳು

"ಆಂಟಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಆನ್ಸರ್ಸ್ ನಂಗೆ ಏನೂ ಯೂಸ್ ಇಲ್ಲ."

ನನ್ನದೇ ಮನೆ, ನಾನೇ ಮಾಡಿಕೊಟ್ಟ ಕಾಫಿ. ಅದನ್ನು ಕುಡಿಯುತ್ತಲೇ ಹೀಗೆಂದವಳು ನಮ್ಮ ಸಬ್‌ಡಿವಿಷನ್ನಿನ, ಅಂದರೆ ನಮ್ಮ ಬಡಾವಣೆಯ, ನಿದಾ. ದಾವಣಗೆರೆಯಿಂದ ಬಂದವರ ಮಗಳು, ಹುಟ್ಟಿದ್ದು ಇಲ್ಲೇ, ಈ ಪರದೇಶದಲ್ಲೇ. ಆಫೀಸಿನ ಬದುಕು ಹೇಗೆ ಬದಲಾಗುತ್ತಿದೆ ಎಂದು ರಿಸರ್ಚ್ ಮಾಡುತ್ತಿದ್ದಾಳೆ. ಇಲ್ಲಿನ ಲೈಲ್ ಎಂಬ ಊರಿನ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಫೈಲು ಜೋಡಿಸಿದ ನಾನು ಅವಳ ಪಾಲಿಗೆ ಆಂಟಿಕ್ ಪೀಸು.

ಅವಳ ಫಾರ್ಮಿನಲ್ಲಿ ಒಂದರಿಂದ ಐದರವರೆಗೆ ಮಾರ್ಕ್ಸ್ ಕೊಡಬೇಕು. ಬಾಸ್ ಗೌರವ ಕೊಟ್ಟರೇ? ಐದು. ನಿಮ್ಮ ಮಾತಿಗೆ ಬೆಲೆಯಿತ್ತೇ? ಐದು. ಆಫೀಸಿನಲ್ಲಿ ಹಾಯಾಗಿದ್ದಿರಾ? ಐದು. ಕೆಲಸದಲ್ಲಿದ್ದಾಗ ವರ್ಷಕ್ಕೊಮ್ಮೆ ಬರುತ್ತಿದ್ದ ಇಂಥ ಫಾರ್ಮಿಗೂ ಐದನ್ನೇ ಕೊಟ್ಟವಳು ನಾನು. (ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದೇ ಅದು: ನೆವರ್ ಕಂಪ್ಲೇನ್, ಗರ್ಲ್ಸ್. ಊಟಕ್ಕೆ ಕರೆದವರ ಎದುರು ಸಾರಿಗೆ ಉಪ್ಪು ಸಾಲದು ಅನ್ನುವುದುಂಟೇ?)

ನಿದಾ ಫಾರ್ಮನ್ನು ಪಕ್ಕಕ್ಕಿಟ್ಟಳು. ಸುಮ್ಮನೆ ಮಾತಿಗೆಂಬಂತೆ ಕೇಳಿದಳು:

"ಲಂಚ್ ಎಲ್ಲಿ ಮಾಡ್ತಿದ್ರಿ ಆಂಟಿ?"

"ಕಾರಲ್ಲಿ."

"ಯಾವಾಗ್ಲಾದ್ರೂ ಒಂದ್ಸಲನಾ?"

"ದಿನಾ."

ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಸೇರಿದ ಮೊದಲ ವಾರ ಬ್ರೇಕ್ ರೂಮಿನಲ್ಲಿ ಹುಳಿಯನ್ನದ ಡಬ್ಬಿ ತೆರೆದಿದ್ದೆ. ಯಾರೋ ಎದ್ದು ಏರ್ ಫ್ರೆಶ್ನರ್ ಹೊಡೆದರು. ಬೈಯಲಿಲ್ಲ, ನಗಲಿಲ್ಲ. ಬರೀ ಪುಸ್, ಪುಸ್, ಎರಡು ಸಲ. ಮರುದಿನದಿಂದ ನನ್ನ ಊಟ ಪಾರ್ಕಿಂಗ್ ಲಾಟಿನಲ್ಲಿ. ಜನವರಿಯ ಸೊನ್ನೆ ಡಿಗ್ರಿಯಲ್ಲೂ ಹೀಟರ್ ಹಾಕಿಕೊಂಡು, ಸ್ಟೀರಿಂಗಿಗೆ ಮೊಣಕೈ ತಾಗಿಸಿಕೊಂಡು. ಆ ವರ್ಷವೂ ಹಾಯಾಗಿದ್ದೀರಾ ಅಂತ ಕೇಳಿದ್ದಕ್ಕೆ ಐದೇ!

ನಿದಾ ಭರಭರ ಬರೆದುಕೊಳ್ಳುತ್ತಿದ್ದಳು. ನನಗೆ ಮಾತ್ರ ಟ್ರಾಯ್ ಊರಿನಲ್ಲಿರುವ ಮೊಮ್ಮಗಳು ಮೇಘಾ ನೆನಪಾದಳು.

ಮೇಘಾ ಕೆಲಸ ಮಾಡುವುದು ಮನೆಯಿಂದ. ಹಾಗೆ ಶುರುಮಾಡಿದ ಮೇಲೆಯೇ ಅವಳ ತಲೆನೋವಿನ ಮಾತ್ರೆ ನಿಂತದ್ದು, ರಾತ್ರಿ ನಿದ್ದೆ ಹತ್ತಿದ್ದು. ಈಗ ಅವಳ ಕಂಪನಿ, ಎಲ್ಲರನ್ನೂ ವಾರವಿಡೀ ಆಫೀಸಿಗೆ ಕರೆಸಬೇಕೇ ಎಂದು ನಿರ್ಧರಿಸುವ ಮುನ್ನ ಒಂದು ಸರ್ವೆ ಕಳಿಸಿತ್ತು. ಏನು ಬರೆಯಲಿ ಎಂದು ಹೋದ ವಾರ ನನ್ನನ್ನು ಕೇಳಿದ್ದಳು. ಹೆಸರು ಹಾಕದ ಸರ್ವೆ ಬೇರೆ. ನಾನು ಏನೆಂದೆ ಗೊತ್ತೇ? ಸುಮ್ಮನೆ ಯಾಕಮ್ಮ ನಿಷ್ಠುರ, ಎಲ್ಲದಕ್ಕೂ ಐದು ಒತ್ತಿಬಿಡು ಎಂದಿದ್ದೆ. ಈ ಕಾಲದವರಿಗೆ ಮೈಗಳ್ಳತನ ಜಾಸ್ತಿ ಅಂತ ಮನಸ್ಸಿನಲ್ಲೇ ಅಂದುಕೊಂಡೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ನಿದಾ ಬಾಗಿಲು ದಾಟುತ್ತಿದ್ದಂತೆ ಮೇಘಾಗೆ ಫೋನ್ ಮಾಡಿದೆ. ನನ್ನ ಮಾತು ಕೇಳಬೇಡ ಪುಟ್ಟೀ, ನಿನಗೆ ಅನಿಸಿದ್ದನ್ನೇ ಬರಿ ಎಂದೆ.

"ಅಜ್ಜಿ, ಐ ಆಲ್ರೆಡಿ ಸಬ್ಮಿಟೆಡ್ ಇಟ್. ಆಲ್ ಫೈವ್ಸ್."

ವಾರವಿಡೀ ಆಫೀಸಿಗೆ ಬರಲು ನಿಮಗೆ ಸಂತೋಷವೇ ಎಂಬ ಪ್ರಶ್ನೆಗೂ ಐದಂತೆ.

ನಾಳೆ ಆ ಕಂಪನಿ, ನಮ್ಮವರೆಲ್ಲ ಖುಷಿಯಿಂದಲೇ ಬರುತ್ತಿದ್ದಾರೆ ಎಂದರೆ, ಅದು ಸುಳ್ಳು ಅನ್ನಲು ನನಗೆ ಬಾಯಿದೆಯೇ?